ಪರ್ಜ್ ವಾಲ್ವ್ ಬಿಚ್ಚಿದ್ದೀರಾ? ಮೊದಲು ಅಂಗೈ ಮೇಲೆ ತಟ್ಟಿ ನೋಡಿ

ಗೋಣಿಕೊಪ್ಪದ ನಮ್ಮ ಗ್ಯಾರೇಜಿಗೆ ಈ ದೂರು ಬರುತ್ತಲೇ ಇರುತ್ತದೆ. ಬೇರೆ ದಿನ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುವ ಕಾರು, ಪೆಟ್ರೋಲ್ ಹಾಕಿಸಿದ ಕೂಡಲೇ ಮೊಂಡು ಹಿಡಿಯುತ್ತದೆ. ಆಕ್ಸಿಲರೇಟರ್ ಒತ್ತಿ ಹಿಡಿದರೆ ಕೆಮ್ಮುತ್ತಾ ಏಳುತ್ತದೆ. ಸುಮ್ನೆ ಬ್ಯಾಟರಿ, ಪ್ಲಗ್ ಬದಲಿಸಿ ದುಡ್ಡು ಕಳೆದುಕೊಂಡು ಬಂದವರೇ ಜಾಸ್ತಿ. ಹಲವು ಸಲ ತಪ್ಪು ಪರ್ಜ್ ವಾಲ್ವಿನದು.

ಟ್ಯಾಂಕಿನಲ್ಲಿ ಏಳುವ ಪೆಟ್ರೋಲ್ ಆವಿ ಗಾಳಿಗೆ ಹೋಗಬಾರದು. ಇದ್ದಿಲು ತುಂಬಿದ ಕ್ಯಾನಿಸ್ಟರ್ ಎಂಬ ಡಬ್ಬಿ ಅದನ್ನು ಹೀರಿಟ್ಟುಕೊಳ್ಳುತ್ತದೆ. ಎಂಜಿನ್ ಬಿಸಿಯಾದ ಮೇಲೆ ಕ್ಯಾನಿಸ್ಟರ್ ಮತ್ತು ಎಂಜಿನ್ ನಡುವಿನ ಪರ್ಜ್ ವಾಲ್ವ್ ತೆರೆದು, ಆ ಆವಿಯನ್ನು ಎಂಜಿನ್‌ಗೇ ಉರಿಯಲು ಕೊಡುತ್ತದೆ. ವಾಲ್ವ್ ತೆರೆದೇ ಸಿಕ್ಕಿಕೊಂಡರೆ? ಟ್ಯಾಂಕ್ ತುಂಬುವಾಗ ನುಗ್ಗಿದ ಆವಿಯೆಲ್ಲ ನೇರ ಎಂಜಿನ್ ಸೇರುತ್ತದೆ. ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಹೆಚ್ಚಾಗಿ ಸುಲಭವಾಗಿ ಹತ್ತಿಕೊಳ್ಳುವುದಿಲ್ಲ.

ಪರೀಕ್ಷೆಗೆ ಒಂದು ಬೆರಳು ಸಾಕು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. ವಾಲ್ವ್‌ಗೆ ಕ್ಯಾನಿಸ್ಟರ್ ಕಡೆಯಿಂದ ಬರುವ ಹೋಸ್ ಕಳಚಿ, ವಾಲ್ವಿನ ಆ ಬಾಯಿಗೆ ಬೆರಳಿಡಿ. ಹೆಚ್ಚಿನ ಕಾರುಗಳಲ್ಲಿ ತಣ್ಣಗಿದ್ದಾಗ ವಾಲ್ವ್ ಮುಚ್ಚಿಯೇ ಇರಬೇಕು. ಬೆರಳನ್ನು ಒಳಗೆ ಎಳೆದರೆ ವಾಲ್ವ್ ಹೋಗಿದೆ ಅಂತಲೇ ಅರ್ಥ.

ಬದಲಿಸುವುದು ದೊಡ್ಡ ಕೆಲಸವಲ್ಲ. ಎಂಜಿನ್ ಆರಲಿ, ಬ್ಯಾಟರಿ ನೆಗೆಟಿವ್ ಕಳಚಿ, ಹತ್ತಿರ ಯಾರೂ ಬೀಡಿ ಹಚ್ಚದಿರಲಿ. ಎರಡು ಹೋಸ್, ಒಂದು ಕನೆಕ್ಟರ್, ಒಂದು ಬ್ರಾಕೆಟ್, ಅಷ್ಟೇ. ಬಾಣದ ಗುರುತಿದ್ದರೆ ದಿಕ್ಕು ತಪ್ಪಿಸಬೇಡಿ.

ಆದರೆ ಹಳೆಯದನ್ನು ಬಿಸಾಡುವ ಮೊದಲು ಅಂಗೈ ಮೇಲೆ ತಟ್ಟಿ. ಕಾಫಿ ಪುಡಿಯ ತರಿಯಂಥ ಕಪ್ಪು ಕಾಳು ಉದುರಿತಾ? ಅದು ಕ್ಯಾನಿಸ್ಟರಿನ ಇದ್ದಿಲು. ಹಾಗಾದರೆ ಕ್ಯಾನಿಸ್ಟರ್ ಒಳಗೇ ಒಡೆದಿದೆ. ಅದನ್ನೂ ಬದಲಿಸಿ, ಪೈಪಿಗೆ ಗಾಳಿ ಹೊಡೆದು ಚೊಕ್ಕ ಮಾಡದಿದ್ದರೆ ಹೊಸ ವಾಲ್ವಿಗೂ ಅದೇ ಗತಿ. ನಾನೇ ಒಮ್ಮೆ ತಟ್ಟಿ ನೋಡದೆ ಹೊಸದು ಹಾಕಿ ಕಳಿಸಿದ್ದೆ. ಕೆಲವೇ ವಾರದಲ್ಲಿ ಆ ಕಾರು ವಾಪಸ್ ಬಂತು. ಕಾರಿನವರು ಮತ್ತೆ ಬಂದು ನಿಂತಾಗ ನನಗೆ ನಿಜಕ್ಕೂ ಬೇಜಾರಾಯಿತು.

ಇದ್ದಿಲು ಕೆಡುವುದಕ್ಕೆ ನಮ್ಮ ಕಡೆ ಒಂದು ಅಭ್ಯಾಸವೂ ಕಾರಣ. ತೋಟದಿಂದ ಪೆಟ್ರೋಲ್ ಪಂಪ್ ದೂರ, ಅಲ್ವಾ? ನಳಿಕೆ ಟಕ್ ಅಂತ ನಿಂತ ಮೇಲೂ "ಇನ್ನೂ ಸ್ವಲ್ಪ ಹಾಕಿ" ಅನ್ನುತ್ತೇವೆ. ಆ ಹೆಚ್ಚಿನ ಪೆಟ್ರೋಲ್ ದ್ರವವಾಗಿಯೇ ಕ್ಯಾನಿಸ್ಟರಿಗೆ ಇಳಿಯಬಹುದು. ಇದ್ದಿಲು ತಡೆಯುವುದು ಆವಿಯನ್ನು, ದ್ರವವನ್ನಲ್ಲ.

ಟ್ಯಾಂಕ್ ಖಾಲಿಯಿದ್ದರೂ ನಳಿಕೆ ಮತ್ತೆ ಮತ್ತೆ ನಿಲ್ಲುತ್ತಿದ್ದರೆ ಕಾರಿನ ಅಡಿಯಲ್ಲಿ ನೋಡಿಸಿ. ಮಳೆಗಾಲದಲ್ಲಿ ತೋಟದ ರಸ್ತೆಯ ಕೆಂಪು ಕೆಸರು ಅಲ್ಲಿನ, ಕ್ಯಾನಿಸ್ಟರಿಗೆ ಗಾಳಿ ಹೋಗಿಬರುವ ವೆಂಟ್ ಫಿಲ್ಟರಿಗೆ ಮೆತ್ತಿಕೊಂಡಿರಬಹುದು.