ಚೀಲದ ಮೇಲೆ ಯಾರ ಗುರುತು?

1994ರಲ್ಲಿ ಅಮೆರಿಕದ ಸಿಯಾಟಲ್ ನಗರದ ಆರ್ಬರ್ ಹೈಟ್ಸ್ ಪ್ರಾಥಮಿಕ ಶಾಲೆಯ ಮೂರನೆಯ ತರಗತಿಯ ಶಿಕ್ಷಕ ಮಾರ್ಕ್ ಆಲ್ನೆಸ್ ಅವರು ಬಹಳ ಸರಳವಾದ ಒಂದು ಚಟುವಟಿಕೆಯನ್ನು ಆರಂಭಿಸಿದರು. ಊರಿನ ದಿನಸಿ ಅಂಗಡಿಯಿಂದ ಕಾಗದದ ಚೀಲಗಳ ಕಟ್ಟೊಂದನ್ನು ಎರವಲು ತರುವುದು, ಮಕ್ಕಳು ಅವುಗಳ ಮೇಲೆ ಪರಿಸರದ ಚಿತ್ರಗಳನ್ನೂ ಮಾತುಗಳನ್ನೂ ಬರೆಯುವುದು, ಅನಂತರ ಅವನ್ನು ಅಂಗಡಿಗೇ ಹಿಂದಿರುಗಿಸುವುದು. ಏಪ್ರಿಲ್ 22ರ ಭೂ ದಿನದಂದು ಸಾಮಾನು ಕೊಳ್ಳಲು ಬಂದವರಿಗೆ ಅಂಗಡಿಯವರು ಅದೇ ಚೀಲಗಳಲ್ಲಿ ಸಾಮಾನು ತುಂಬಿ ಕೊಡುವುದು. ಶಾಲೆಗಳಿಗೆ ಅಂತರ್ಜಾಲ ಆಗತಾನೆ ಕಾಲಿಡುತ್ತಿದ್ದ ದಿನಗಳಲ್ಲಿ ಈ ಯೋಜನೆ ಇ-ಮೇಲ್ ಮೂಲಕವೇ ಶಾಲೆಯಿಂದ ಶಾಲೆಗೆ ಹರಡಿತು. ಮಕ್ಕಳ ಚಿತ್ರ ಮತ್ತು ವ್ಯಾಪಾರಿಗಳ ನೆರವನ್ನು ಒಂದೇ ಚೀಲದಲ್ಲಿ ಕೂಡಿಸುವ ಇಂದಿನ ಪ್ರಯತ್ನಗಳನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಆರಂಭಬಿಂದು ನನಗೆ ಕಾಣುವುದಿಲ್ಲ.

ಇಲ್ಲಿ ಗಮನಿಸಬೇಕಾದ ಮಾತು ‘ಎರವಲು’. ಅಂಗಡಿಯವರು ಹಣ ಕೊಡಲಿಲ್ಲ, ಹೊಸ ಚೀಲಗಳನ್ನು ಮಾಡಿಸಲಿಲ್ಲ. ಹೇಗಿದ್ದರೂ ಗಿರಾಕಿಗಳ ಕೈ ಸೇರಲಿದ್ದ ಚೀಲಗಳೇ ಕೆಲವು ದಿನ ಶಾಲೆಗೆ ಹೋಗಿ, ಬಣ್ಣ ಹೊತ್ತು ಬಂದವು. ಪ್ರಾಯೋಜಕನ ಹೊಣೆ ಅಷ್ಟಕ್ಕೇ ಮುಗಿದಿತ್ತು, ಆದ್ದರಿಂದ ಯೋಜನೆಯಿಂದ ಭೂಮಿಗೆ ಹೆಚ್ಚಿನ ಭಾರವೂ ಬೀಳಲಿಲ್ಲ.

ಆಗ ಚಿತ್ರ ಬರೆಯಲು ಕಾಗದದ ಚೀಲವೇ ಸಿಕ್ಕಿದ್ದು ಆಕಸ್ಮಿಕವಲ್ಲ. ತಳ ಚಪ್ಪಟೆಯಾಗಿರುವ, ನಿಲ್ಲಿಸಿದರೆ ನಿಲ್ಲುವ ಕಾಗದದ ಚೀಲವನ್ನು ತಯಾರಿಸುವ ಯಂತ್ರಕ್ಕೆ ಮಾರ್ಗರೆಟ್ ನೈಟ್ ಎಂಬ ಮಹಿಳೆ 1871ರಲ್ಲಿ ಪೇಟೆಂಟ್ ಪಡೆದ ಮೇಲೆ ಅಮೆರಿಕದ ದಿನಸಿ ವ್ಯಾಪಾರ ಆ ಚೀಲವನ್ನೇ ನೆಚ್ಚಿಕೊಂಡಿತ್ತು. ಸ್ವೀಡನ್ನಿನ ಸೆಲೋಪ್ಲಾಸ್ಟ್ ಕಂಪನಿಯ ಸ್ಟೆನ್ ಗುಸ್ತಾಫ್ ತುಲಿನ್ ರೂಪಿಸಿದ, ಬನಿಯನ್ನಿನಂತೆ ಎರಡು ಹಿಡಿಗಳಿರುವ ಪ್ಲಾಸ್ಟಿಕ್ ಚೀಲಕ್ಕೆ 1965ರಲ್ಲಿ ಪೇಟೆಂಟ್ ದೊರೆಯಿತು. 1982ರಲ್ಲಿ ಅಮೆರಿಕದ ಎರಡು ದೊಡ್ಡ ದಿನಸಿ ಮಳಿಗೆ ಸರಪಳಿಗಳು ಅದಕ್ಕೆ ಬದಲಾದವು. ತುಲಿನ್ ಸ್ವತಃ ಆ ಚೀಲವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಮತ್ತೆ ಮತ್ತೆ ಬಳಸುತ್ತಿದ್ದರೆಂದು ಅವರ ಮಗ ಹೇಳಿದ್ದಾರೆ. ಕಂಡುಹಿಡಿದವನ ಮನಸ್ಸಿನಲ್ಲಿ ಅದು ಎಸೆಯುವ ವಸ್ತುವಾಗಿರಲೇ ಇಲ್ಲ. ಅಂಗಡಿಗಳು ಅದನ್ನು ಲೆಕ್ಕವಿಲ್ಲದೆ, ಬೆಲೆಯಿಲ್ಲದೆ ಕೊಡಲು ತೊಡಗಿದ ಮೇಲೆ ಅದು ಎಸೆಯುವ ವಸ್ತುವಾಯಿತು.

ಸಿಯಾಟಲ್ ನಗರದ ಮುಂದಿನ ಕಥೆ ಇನ್ನಷ್ಟು ಪಾಠ ಹೇಳುತ್ತದೆ. 2008ರಲ್ಲಿ ಅಲ್ಲಿನ ನಗರಸಭೆ ಕಾಗದ ಮತ್ತು ಪ್ಲಾಸ್ಟಿಕ್ ಎರಡೂ ಬಗೆಯ ಚೀಲಗಳಿಗೆ 20 ಸೆಂಟ್ ಶುಲ್ಕ ವಿಧಿಸಿತು. ಪ್ಲಾಸ್ಟಿಕ್ ಉದ್ಯಮ ಅದರ ವಿರುದ್ಧ ಭಾರಿ ಹಣ ಸುರಿದು ಪ್ರಚಾರ ಮಾಡಿತು, 2009ರ ಆಗಸ್ಟ್‌ನಲ್ಲಿ ನಡೆದ ಜನಮತದಲ್ಲಿ ಶುಲ್ಕ ಬಿದ್ದುಹೋಯಿತು. ಕೊನೆಗೆ 2012ರ ಜುಲೈ 1ರಿಂದ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ಬಂತು, ದೊಡ್ಡ ಕಾಗದದ ಚೀಲಕ್ಕೆ 5 ಸೆಂಟ್ ಬೆಲೆ ಬಂತು. ಹದಿನೆಂಟು ವರ್ಷಗಳ ಹಿಂದೆ ಮಕ್ಕಳು ಪ್ರೀತಿಯಿಂದ ಚಿತ್ರ ಬರೆದ ಕಾಗದದ ಚೀಲವೂ ಈಗ ಮಿತವಾಗಿ ಬಳಸಬೇಕಾದ ವಸ್ತುಗಳ ಪಟ್ಟಿಗೆ ಸೇರಿತ್ತು. ಕಾಗದದ ಚೀಲದ ಮೇಲಿನ ಚಿತ್ರ ಒಂದು ದಿನದ ಸಂದೇಶ ಮಾತ್ರ. ಚಿತ್ರಕ್ಕೆ ದೀರ್ಘವಾದ ಬಾಳು ಬೇಕಾದರೆ ಬಟ್ಟೆ ಬೇಕು.

ಬಟ್ಟೆಯ ಚೀಲದ ಮೇಲೆ ವ್ಯಾಪಾರಿಯ ಹೆಸರು ಎಂಬ ಸಂಗತಿ ನಮಗಂತೂ ಹೊಸದಲ್ಲ. ಮದುವೆಗೆ ಜವಳಿ ತೆಗೆದಾಗ ಅಂಗಡಿಯವರು ಹೆಸರು, ಬೀದಿ, ಫೋನ್ ಸಂಖ್ಯೆ ಅಚ್ಚು ಹಾಕಿಸಿದ ಗಟ್ಟಿ ಚೀಲ ಕೊಡುತ್ತಿದ್ದರು. ಮದುವೆಮನೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆಯ ಜತೆ ವಧೂವರರ ಹೆಸರಿದ್ದ ತಾಂಬೂಲದ ಚೀಲ ಸಿಗುತ್ತಿತ್ತು. ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದ ಆ ಚೀಲಗಳು ಅಕ್ಷರ ಮಾಸಿ ಹೋಗುವವರೆಗೂ ಸಂತೆಗೆ ಹೋಗಿ ಬರುತ್ತಿದ್ದವು. ಯಾರ ಮದುವೆಯಲ್ಲಿ ಬಂದದ್ದು ಎಂಬ ನೆನಪೇ ಅದನ್ನು ಎಸೆಯದಂತೆ ತಡೆಯುತ್ತಿತ್ತು. ತಮಿಳುನಾಡಿನ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಆರಂಭಿಸಿದ ‘ಮೀಂಡುಂ ಮಂಜಪ್ಪೈ’, ಅಂದರೆ ‘ಮರಳಿ ಹಳದಿ ಚೀಲ’ ಎಂಬ ಅಭಿಯಾನ ಆಧರಿಸಿರುವುದು ಇದೇ ನೆನಪನ್ನು. ಮರು ವರ್ಷ ಚೆನ್ನೈಯ ಕೋಯಂಬೇಡು ಮಾರುಕಟ್ಟೆಯಲ್ಲಿ 10 ರೂಪಾಯಿ ಹಾಕಿದರೆ ಹಳದಿ ಬಟ್ಟೆ ಚೀಲ ಕೊಡುವ ಯಂತ್ರವೂ ಬಂತು.

ನಮ್ಮ ಮಾತಿನಲ್ಲೇ ಈ ಬದಲಾವಣೆಯ ಗುರುತು ಉಳಿದಿದೆ. ಕೈಚೀಲ ಎಂದರೆ ಮನೆಯಿಂದ ಒಯ್ಯುವುದು. ‘ಕವರ್’ ಎಂದರೆ ಅಂಗಡಿಯವನು ಕೊಡಬೇಕಾದದ್ದು. ‘ಒಂದು ಕವರ್ ಕೊಡಿ’ ಎಂಬ ಮಾತು ಬಾಯಿಗೆ ರೂಢಿಯಾದ ದಿನವೇ ಚೀಲದ ಹೊಣೆ ಕೊಳ್ಳುವವನಿಂದ ಮಾರುವವನಿಗೆ ದಾಟಿಹೋಯಿತು. ಆಮೇಲೆ ಬಂದ ಕಾನೂನುಗಳೆಲ್ಲ ಆ ಹೊಣೆಯನ್ನು ಹಿಂದಕ್ಕೆ ತರುವ ಯತ್ನಗಳೇ. 2011ರ ಕೇಂದ್ರದ ನಿಯಮಗಳು ಪ್ಲಾಸ್ಟಿಕ್ ಚೀಲವನ್ನು ಪುಕ್ಕಟೆಯಾಗಿ ಕೊಡಬಾರದೆಂದವು, 40 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ತೆಳುವಾದದ್ದನ್ನು ತಡೆದವು. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಇನ್ನೂ ಮುಂದೆ ಹೋಗಿ, ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲವನ್ನೇ ನಿಷೇಧಿಸಿತು. ದೇಶದಾದ್ಯಂತ ಚೀಲದ ಕನಿಷ್ಠ ದಪ್ಪ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್‌ಗೂ 2022ರ ಕೊನೆಯ ದಿನದಿಂದ 120 ಮೈಕ್ರಾನ್‌ಗೂ ಏರಿತು. ಆದರೂ ತರಕಾರಿ ಗಾಡಿಗಳಲ್ಲಿ ತೆಳು ಕವರ್ ಇಂದಿಗೂ ಕಾಣುತ್ತದೆ, ಏಕೆಂದರೆ ಗಿರಾಕಿ ಬರಿಗೈಯಲ್ಲಿ ಬರುತ್ತಾನೆ ಮತ್ತು ಕವರ್ ಇಲ್ಲವೆಂದರೆ ಪಕ್ಕದ ಗಾಡಿಗೆ ಹೋಗುತ್ತಾನೆ. ದಂಡದ ಭಾರವನ್ನು ಆ ಬಡ ವ್ಯಾಪಾರಿಯ ಮೇಲೆ ಮಾತ್ರ ಹೊರಿಸುವುದು ನ್ಯಾಯವೆಂದು ನನಗೆ ಅನ್ನಿಸಿಲ್ಲ.

ದೊಡ್ಡ ಮಳಿಗೆಗಳಲ್ಲಿ ವಿವಾದ ಬೇರೆ ರೂಪ ತಾಳಿತು. 2019ರಲ್ಲಿ ಚಂಡೀಗಢದ ಗ್ರಾಹಕರ ವೇದಿಕೆ, ತನ್ನ ಹೆಸರು ಅಚ್ಚಾಗಿದ್ದ ಕಾಗದದ ಚೀಲಕ್ಕೆ 3 ರೂಪಾಯಿ ವಸೂಲು ಮಾಡಿದ ಪಾದರಕ್ಷೆ ಮಳಿಗೆಯೊಂದಕ್ಕೆ 9,000 ರೂಪಾಯಿ ತೆರುವಂತೆ ಆದೇಶಿಸಿತು. ಗಿರಾಕಿಯನ್ನೇ ತನ್ನ ಜಾಹೀರಾತಿನ ವಾಹಕನನ್ನಾಗಿ ಮಾಡಿಕೊಂಡು ಅದಕ್ಕೆ ಅವನಿಂದಲೇ ಹಣ ಪಡೆಯುವುದು ಸರಿಯಲ್ಲ ಎಂಬುದು ಅದರ ಆಶಯ. 2023ರಲ್ಲಿ ಬೆಂಗಳೂರಿನ ಗ್ರಾಹಕರ ಆಯೋಗವೂ, ಮಳಿಗೆಯ ಗುರುತಿದ್ದ ಚೀಲಕ್ಕೆ 20 ರೂಪಾಯಿ ಪಡೆದ ಪ್ರಕರಣದಲ್ಲಿ ಗ್ರಾಹಕರ ಪರವಾಗಿ ತೀರ್ಪು ಕೊಟ್ಟಿತು. ಚೀಲಕ್ಕೆ ಬೆಲೆ ಇರಬೇಕೆಂಬ ಪರಿಸರದ ತರ್ಕಕ್ಕೂ ಜಾಹೀರಾತಿಗೆ ಗಿರಾಕಿ ಬೆಲೆ ತೆರಬಾರದೆಂಬ ಗ್ರಾಹಕನ ಹಕ್ಕಿಗೂ ಇಲ್ಲಿ ನೇರವಾಗಿ ತಿಕ್ಕಾಟವಿದೆ. ಜಗಳ ಚೀಲದ ಬೆಲೆಯಷ್ಟೇ ಅದರ ಮೇಲಿನ ಗುರುತಿನ ಬಗೆಗೂ ಆಗಿತ್ತೆಂಬುದನ್ನು ಮರೆಯಬಾರದು.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣಕ್ಕೂ ಇದೇ ಪ್ರಶ್ನೆ ಅನ್ವಯಿಸುತ್ತದೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ ನಿಗದಿತ ಮಟ್ಟ ಮೀರಿದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾರ್ವಜನಿಕ ಕೆಲಸಗಳಿಗೆ ವೆಚ್ಚ ಮಾಡಬೇಕು. ಶಿಕ್ಷಣ, ಪರಿಸರ ಎರಡೂ ಆ ಪಟ್ಟಿಯಲ್ಲಿವೆ. ಆದರೆ ತನ್ನ ಸರಕಿನ ಮಾರಾಟಕ್ಕೆ ಅನುಕೂಲವಾಗುವಂಥ ಪ್ರಾಯೋಜಕತ್ವ ಈ ಲೆಕ್ಕಕ್ಕೆ ಸೇರದು ಎಂದು 2021ರ ನಿಯಮ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ಮಗುವಿನ ಚಿತ್ರವನ್ನು ಮೂಲೆಗೆ ತಳ್ಳಿ, ನಡುವೆ ಕಂಪನಿಯ ಗುರುತನ್ನು ಹರಡುವ ಚೀಲ ಜಾಹೀರಾತೇ. ಜಾಹೀರಾತಿಗೆ ಹಣ ಹಾಕುವುದು ತಪ್ಪಲ್ಲ, ಅದನ್ನು ಪರಿಸರ ಸೇವೆ ಎಂದು ಕರೆಯುವುದು ತಪ್ಪು.

ಇಷ್ಟಕ್ಕೂ ಮಕ್ಕಳ ಚಿತ್ರವೇ ಏಕೆ ಬೇಕು? ಉತ್ತರ ಅಂಕಿಗಳಲ್ಲಿದೆ. ಹತ್ತಿಯ ಚೀಲ ಬಳಸಿದ ಮಾತ್ರಕ್ಕೆ ಭೂಮಿಗೆ ಉಪಕಾರವಾಗುವುದಿಲ್ಲ; ಹತ್ತಿ ಬೆಳೆಯಲು ನೀರು, ಗೊಬ್ಬರ, ನೇಯಲು ವಿದ್ಯುತ್ತು ಎಲ್ಲ ಬೇಕು. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನದ ಮೇಲಿನ ಪರಿಣಾಮದಲ್ಲಿ ಹತ್ತಿ ಚೀಲ ಮೇಲಾಗಬೇಕಾದರೆ ಅದನ್ನು ಕನಿಷ್ಠ 131 ಸಲ ಬಳಸಬೇಕು. ಡೆನ್ಮಾರ್ಕ್ 2018ರಲ್ಲಿ ಮಾಡಿದ ಲೆಕ್ಕದಲ್ಲಿ ಹವಾಮಾನವೊಂದನ್ನೇ ಪರಿಗಣಿಸಿದರೆ 52 ಸಲ, ನೀರು, ಓಜೋನ್ ಮುಂತಾದ ಎಲ್ಲ ಅಳತೆಗಳನ್ನೂ ಸೇರಿಸಿದರೆ 7,100 ಸಲ. ಈ ಅಧ್ಯಯನಗಳು ಚರಂಡಿ ಕಟ್ಟುವ, ದನದ ಹೊಟ್ಟೆ ಸೇರುವ ಪ್ಲಾಸ್ಟಿಕ್ಕಿನ ಕೇಡನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಹಾಗಾಗಿ ಅವನ್ನು ಕವರಿನ ಪರವಾದ ವಾದವಾಗಿ ಬಳಸುವುದು ಸಲ್ಲದು. ಆದರೆ ಒಂದು ಮಾತು ಖಚಿತ: ಬಟ್ಟೆ ಚೀಲದ ಗುಣ ಅದರ ಬಟ್ಟೆಯಲ್ಲಿಲ್ಲ, ಅದು ಎಷ್ಟು ಸಲ ಸಂತೆಗೆ ಹೋಗಿ ಬಂತೆಂಬುದರಲ್ಲಿದೆ. ಬ್ರಿಟನ್ನಿನಲ್ಲಿ ‘ಬಾಳಿಗೊಂದು ಚೀಲ’ ಎಂಬ ಹೆಸರಿನಲ್ಲಿ ಮಾರಿದ ದಪ್ಪ ಪ್ಲಾಸ್ಟಿಕ್ ಚೀಲಗಳ ಸಂಖ್ಯೆ ಒಂದೇ ವರ್ಷದಲ್ಲಿ 150 ಕೋಟಿ, ಮನೆಯೊಂದಕ್ಕೆ 54 ಎಂದು 2019ರಲ್ಲಿ ಪರಿಸರ ಸಂಘಟನೆಗಳು ಲೆಕ್ಕ ಕೊಟ್ಟವು. ಬಟ್ಟೆ ಚೀಲಗಳೂ ಹೀಗೆಯೇ ಮನೆಯಲ್ಲಿ 54 ಆಗಿಬಿಟ್ಟರೆ ಯಾವುದಕ್ಕೂ 131ನೆಯ ಪ್ರಯಾಣದ ಭಾಗ್ಯ ಬರುವುದು ಕಷ್ಟ.

ಮಗುವಿನ ಚಿತ್ರದ ಕೆಲಸ ಇಲ್ಲಿಂದ ಶುರುವಾಗುತ್ತದೆ. ಯಾವ ತಾಯಿಯೂ ಮಗಳು ಬಣ್ಣ ಹಚ್ಚಿದ ಚೀಲವನ್ನು ಸುಲಭವಾಗಿ ಎಸೆಯುವುದಿಲ್ಲ. ತಾನು ಮಾಡಿದ ಚೀಲವನ್ನು ಅಪ್ಪ ಮರೆತು ಹೊರಟರೆ ಬಾಗಿಲಲ್ಲೇ ನೆನಪಿಸುವವಳೂ ಅದೇ ಮಗಳು. ಆದರೆ ಎಲ್ಲ ಯೋಜನೆಗಳೂ ಈ ಬಲವನ್ನು ಬಳಸಿಕೊಳ್ಳುವುದಿಲ್ಲ. ಸ್ಪರ್ಧೆ ನಡೆಸಿ, ಗೆದ್ದ ಒಂದು ಚಿತ್ರವನ್ನು ಸಾವಿರಾರು ಚೀಲಗಳ ಮೇಲೆ ಅಚ್ಚು ಹಾಕಿಸಿ ಹಂಚುವುದು ಪ್ರಾಯೋಜಕರಿಗೆ ಅನುಕೂಲ, ಖರ್ಚೂ ಕಡಿಮೆ. ಆದರೆ ಗೆದ್ದ ಮಗುವಿನ ಮನೆಯೊಂದನ್ನು ಬಿಟ್ಟರೆ ಉಳಿದ ಮನೆಗಳಲ್ಲಿ ಅದು ಮತ್ತೊಂದು ಪುಕ್ಕಟೆ ಚೀಲವಷ್ಟೇ. ಪ್ರತಿ ಮಗುವಿಗೂ ಒಂದೊಂದು ಖಾಲಿ ಚೀಲ ಕೊಟ್ಟು, ಅದರ ಚೀಲವನ್ನು ಅದೇ ಬರೆಯುವಂತೆ ಮಾಡುವ ದಾರಿ ನಿಧಾನದ್ದು, ಆದರೂ ನನ್ನ ಮಟ್ಟಿಗೆ ಸರಿಯಾದ ದಾರಿ ಅದೇ.

ಕೆಲಸವೇನೂ ಕಷ್ಟದ್ದಲ್ಲ. ಹೊಸ ಬಟ್ಟೆಯಾದರೆ ಮೊದಲು ಒಗೆದು ಗಂಜಿ ತೆಗೆಯಬೇಕು, ಇಲ್ಲವಾದರೆ ಬಣ್ಣ ಹಿಡಿಯುವುದಿಲ್ಲ. ಚೀಲದ ಒಳಗೆ ಹಳೆಯ ಪತ್ರಿಕೆ ಇಟ್ಟರೆ ಬಣ್ಣ ಇನ್ನೊಂದು ಬದಿಗೆ ಇಳಿಯದು. ಬಟ್ಟೆಗೆಂದೇ ಮಾಡಿದ ಬಣ್ಣ ಹಚ್ಚಿ, ಒಣಗಿದ ಮೇಲೆ ತೆಳುವಾದ ಬಟ್ಟೆ ಹೊದಿಸಿ ಇಸ್ತ್ರಿ ಮಾಡಿದರೆ ಒಗೆತಕ್ಕೂ ತಡೆಯುತ್ತದೆ. ಕುಂಚ ಹಿಡಿಯಲು ಬಾರದ ಚಿಕ್ಕವರು ಅಡ್ಡ ಕೊಯ್ದ ಬೆಂಡೆಕಾಯಿಯನ್ನು ಬಣ್ಣದಲ್ಲಿ ಅದ್ದಿ ಒತ್ತಿದರೆ ಐದೆಸಳಿನ ಹೂವು ಮೂಡುತ್ತದೆ; ತರಕಾರಿ ತರುವ ಚೀಲಕ್ಕೆ ತರಕಾರಿಯದೇ ಅಚ್ಚು. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ, ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲವನ್ನು ಮಾತ್ರ ಈ ಕೆಲಸಕ್ಕೆ ತರಬಾರದು. ಅದು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕೇ, ಕೇಂದ್ರದ ನಿಯಮಗಳೂ ಅದನ್ನು ಪ್ಲಾಸ್ಟಿಕ್ಕೆಂದೇ ಎಣಿಸುತ್ತವೆ.

ಪ್ರಾಯೋಜಕರಿಂದ ಕೇಳಬೇಕಾದದ್ದು ಹಾಗಿದ್ದರೆ ಚೀಲಗಳ ಸಂಖ್ಯೆಯಲ್ಲ, ಗಟ್ಟಿತನ. ಸಾವಿರ ತೆಳು ಚೀಲಗಳ ಹಣದಲ್ಲಿ ಮುನ್ನೂರು ದಪ್ಪ ಚೀಲಗಳನ್ನು ಊರಿನ ಮಹಿಳಾ ಸ್ವಸಹಾಯ ಸಂಘದಿಂದ ಹೊಲಿಸಿ, ಹಿಡಿಯನ್ನು ಬಾಯಿಯ ಅಂಚಿನಲ್ಲಿ ನಿಲ್ಲಿಸದೆ ತಳದವರೆಗೂ ಇಳಿಸಿದರೆ ಐದು ಕಿಲೋ ಅಕ್ಕಿ ಹೊತ್ತರೂ ಹೊಲಿಗೆ ಬಿಡುವುದಿಲ್ಲ. ಪ್ರಾಯೋಜಕರ ಹೆಸರನ್ನು ಒಳಹೊಲಿಗೆಯ ಚಿಕ್ಕ ಪಟ್ಟಿಯಲ್ಲಿ ಹಾಕಬಹುದು. ಹೊರಗೆ ಮಗುವಿನ ಚಿತ್ರ, ಅದರ ಕೆಳಗೆ ಪೂರ್ಣ ಹೆಸರಿನ ಬದಲು ಕರೆಯುವ ಹೆಸರು ಸಾಕು, ಏಕೆಂದರೆ ಆ ಚೀಲ ಬೀದಿಯಲ್ಲಿ ಅಪರಿಚಿತರ ಕಣ್ಣಿಗೂ ಬೀಳುತ್ತದೆ. ಮರು ವರ್ಷ ಅದೇ ಪ್ರಾಯೋಜಕರು ಹೊಸ ಚೀಲದೊಂದಿಗೆ ಬಂದರೆ ಶಾಲೆಯವರು ಬೇಡವೆನ್ನಬೇಕು. ಬಣ್ಣ ಮತ್ತು ಸೂಜಿ ದಾರ ಕೇಳಬೇಕು. ಮಕ್ಕಳು ಹಳೆಯ ಚೀಲವನ್ನೇ ತರುತ್ತಾರೆ, ಬಿಟ್ಟ ಹೊಲಿಗೆ ಹಾಕಿಸಿಕೊಳ್ಳುತ್ತಾರೆ. ಚಿತ್ರ ಬರೆಯಲು ಅದರ ಇನ್ನೊಂದು ಬದಿ ಖಾಲಿ ಇದೆ.