ಬೀಗ ಮುರಿಯದಿದ್ದರೂ ಕನ್ನವೇ

ಮೇ ರಜೆ ಮುಗಿಸಿ ಊರಿಂದ ವಾಪಸ್ ಬಂದ ಮುಂಬೈಯ ನಮ್ಮವರು ವಕೀಲರಿಗೆ ಫೋನ್ ಮಾಡುವುದು ಜಾಸ್ತಿ. "ಬೀಗ ಹಾಕಿದ ಹಾಗೇ ಇದೆ, ಕಪಾಟಿನ ಚಿನ್ನ ಮಾತ್ರ ಇಲ್ಲ ವಕೀಲ್ರೇ. ಬೀಗ ಮುರಿದಿಲ್ಲ ಅಂದ್ರೆ ಬರೀ ಕಳ್ಳತನದ ಕೇಸಂತೆ, ಹೌದಾ?" ಅಂತ ಕೇಳುತ್ತಾರೆ.

ಹಾಗೇನಿಲ್ಲ. ಕಳ್ಳ ಹೇಗೆ ಒಳಗೆ ಬಂದ, ಯಾವ ಉದ್ದೇಶದಿಂದ ಬಂದ, ಕಾನೂನು ನೋಡುವುದು ಇವೆರಡನ್ನೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 330ನೇ ಕಲಂನಲ್ಲಿ ಮನೆಗೆ ಕನ್ನ ಹಾಕುವ ಆರು ದಾರಿಗಳಿವೆ. ಗೋಡೆ ಕೊರೆಯುವುದು, ಮನುಷ್ಯರು ಓಡಾಡದ ಕಿಂಡಿಯಿಂದ ನುಗ್ಗುವುದು ಅಥವಾ ಗೋಡೆ ಹತ್ತುವುದು, ಬೀಗ ತೆಗೆಯುವುದು, ಕಾವಲಿನವನನ್ನು ಹೆದರಿಸುವುದು ಹೀಗೆ. ಗಮನಿಸಿ, ಬೀಗ 'ತೆಗೆಯುವುದು' ಸಾಕು. ನೀವು ಕಳೆದುಕೊಂಡ ಕೀ ಯಾರಿಗೋ ಸಿಕ್ಕಿ, ಅದರಿಂದಲೇ ಬಾಗಿಲು ತೆರೆದು ನುಗ್ಗಿದರೂ ಕನ್ನವೇ ಎಂಬ ಉದಾಹರಣೆ ಕಾನೂನಿನಲ್ಲೇ ಇದೆ. ಚಪ್ಪಲಿ ಸ್ಟ್ಯಾಂಡಿನ ಹಿಂದೆ ಕೀ ಬಚ್ಚಿಟ್ಟು ಹೋಗುವವರು ಇದನ್ನು ಓದಿ ಸ್ವಲ್ಪ ಸಮಾಧಾನ ಪಡಬಹುದು. ಕೀ ಅಲ್ಲಿಡುವುದನ್ನು ಮಾತ್ರ ಬಿಡಿ.

ಚಾಳಿನ ನೆಲಮಹಡಿಯಲ್ಲಿ ಇನ್ನೊಂದು ತರಹ. ಸೆಕೆಗೆ ಕಿಟಕಿ ತೆರೆದಿಟ್ಟು ಮಲಗುತ್ತೇವೆ, ಪಕ್ಕದಲ್ಲೇ ಮೊಬೈಲ್ ಚಾರ್ಜಿಗೆ. ಕಳ್ಳ ಗ್ರಿಲ್ ಸಂದಿಯಿಂದ ಕೈ ಹಾಕಿ ಎತ್ತುತ್ತಾನೆ. ಮೈಯ ಯಾವುದೇ ಭಾಗ ಒಳಗೆ ಬಂದರೂ ಅದು ಪ್ರವೇಶವೇ, ಆದ್ದರಿಂದ ಕನ್ನ. ಅದೇ, ಹೊರಗೇ ನಿಂತು ಬರೀ ಕೋಲಿಗೆ ಕೊಕ್ಕೆ ಕಟ್ಟಿ ಎಳೆದಿದ್ದರೆ? ಮನೆಯೊಳಗಿನ ಕಳ್ಳತನ ಎಂದು 305ನೇ ಕಲಂ ಹಾಕಬಹುದು, ಕನ್ನ ಎನ್ನುವುದಕ್ಕೆ ಆರೋಪಿಯ ವಕೀಲ ಸುಮ್ನೆ ಬಿಡುವುದಿಲ್ಲ. ನಾನಾದರೂ ಬಿಡುತ್ತಿರಲಿಲ್ಲ.

ಹೋಟೆಲಿನವರಿಗೂ ಒಂದು ಮಾತು. ಸಾಮಾನು ಇಡುವ ಗೋಡೌನ್ ಕೂಡ ಈ ಕಾನೂನಿಗೆ 'ಮನೆ'ಯೇ. ಕದಿಯಬೇಕೆಂದೇ ಬಂದು, ಮುಚ್ಚುವ ಹೊತ್ತಿಗೆ ಒಳಗೆ ಅಡಗಿ, ರಾತ್ರಿ ಗಲ್ಲಾಪೆಟ್ಟಿಗೆ ಬಾಚಿ ಶಟರ್ ಎತ್ತಿ ಹೊರಬಿದ್ದವನದೂ ಕನ್ನ. ಹೊರಗೆ ಹೋದ ದಾರಿಯೂ ಲೆಕ್ಕಕ್ಕೆ ಬರುತ್ತದೆ. ಕೆಲಸದಲ್ಲಿರುವ ಹುಡುಗನೇ ಕದ್ದರೆ ಬೇರೆ ಕಲಂ, 306. ಕೆಲಸದಿಂದ ತೆಗೆದ ಮೇಲೆ ಹಳೇ ಕೀ ಹಿಡಿದು ಬಂದರೆ ಮಾತ್ರ ಮತ್ತೆ 330.

ಉದ್ದೇಶದ ವಿಷಯದಲ್ಲೇ ಕೇಸುಗಳು ಬಿದ್ದುಹೋಗುವುದು ಜಾಸ್ತಿ. ಅಣ್ಣತಮ್ಮಂದಿರು ಅಪ್ಪನ ಖೋಲಿಗಾಗಿ ಜಗಳವಾಡಿ, ಒಬ್ಬ ಇನ್ನೊಬ್ಬನ ಬೀಗ ಒಡೆಯುತ್ತಾನೆ. ಎದುರಿನವನಿಗೆ ಕಿರಿಕಿರಿ ಆಗುತ್ತದೆ ಎಂದು ಗೊತ್ತಿದ್ದರಷ್ಟೇ ಸಾಲದು, ಒಳಗೆ ಹೋದದ್ದರ ಮುಖ್ಯ ಗುರಿಯೇ ಅದಾಗಿರಬೇಕು ಎಂದು ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿದೆ. ಹಾಗಂತ ಮನೆ ನನ್ನದೇ ಎಂದು ಧೈರ್ಯ ಮಾಡಬೇಡಿ. ಕಾನೂನು ಕಾಯುವುದು ಸ್ವಾಧೀನವನ್ನು. ಕರಾರು ಇನ್ನೂ ಇರುವಾಗ ಬಾಡಿಗೆದಾರನನ್ನು ಹೆದರಿಸಲು ಬೀಗ ಒಡೆದ ಮಾಲೀಕನೂ ಆರೋಪಿಯಾಗಬಹುದು.

ಇನ್ನು ಹೊತ್ತು. ಶಿಕ್ಷೆ ಹೇಳುವುದು 331ನೇ ಕಲಂ. ಕದಿಯಲು ಕನ್ನ ಹಾಕಿದರೆ ಹಗಲಿಗೆ 10 ವರ್ಷದವರೆಗೆ ಶಿಕ್ಷೆ, ರಾತ್ರಿಗೆ 14 ವರ್ಷದವರೆಗೆ. ಏನೂ ಸಿಗದೆ ಬರಿಗೈಲಿ ಹೋದರೂ ಸರಿ, ಉದ್ದೇಶ ಸಾಬೀತಾದರೆ ಆಯಿತು. ರಾತ್ರಿ ಅಂದರೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು. ಮುಂಬೈಯಲ್ಲಿ ಸಂಜೆ ಆರೂಮುಕ್ಕಾಲು ಜೂನ್‌ನಲ್ಲಿ ಹಗಲು, ಡಿಸೆಂಬರ್‌ನಲ್ಲಿ ರಾತ್ರಿ! ಹಾಗಾಗಿ ಸೊಸೈಟಿಯ ಸಿಸಿಟಿವಿ ಗಡಿಯಾರ ಸರಿಯಿದೆಯೇ ಎಂದು ಸೆಕ್ರೆಟರಿಯನ್ನು ಕೇಳಿ.

ಠಾಣೆಯಲ್ಲಿ ಕದ್ದ ಒಡವೆಯ ತೂಕವನ್ನೇ ಹೇಳುತ್ತಾ ಕೂರಬೇಡಿ. ಯಾವ ಬಾಗಿಲು, ಚಿಲಕ ಹೇಗಿತ್ತು, ಕೀ ಯಾರ್ಯಾರ ಹತ್ತಿರ ಇದೆ, ಕೊನೆಗೆ ಮನೆ ನೋಡಿದ್ದು ಎಷ್ಟು ಗಂಟೆಗೆ, ಇಷ್ಟನ್ನೂ ಬರೆಸಿ. ಪಂಚನಾಮೆ ಆಗುವ ತನಕ ಮನೆ ಗುಡಿಸಬೇಡಿ. ಎಫ್‌ಐಆರ್ ಮರಾಠಿಯಲ್ಲಿರುತ್ತದೆ. ಸಹಿ ಹಾಕುವ ಮೊದಲು ಓದಿ ಹೇಳಿಸಿಕೊಳ್ಳುವುದು ನಿಮ್ಮ ಹಕ್ಕು, ಪ್ರತಿಯೂ ಪುಕ್ಕಟೆ. 331 ಎಂಬ ಸಂಖ್ಯೆ ಅದರಲ್ಲಿ ಇದೆಯೋ ಇಲ್ಲವೋ ಅಲ್ಲೇ ನೋಡಿಕೊಳ್ಳಿ. ಕಾಣದಿದ್ದರೆ ಯಾಕೆ ಹಾಕಿಲ್ಲ ಎಂದು ಅಲ್ಲೇ ಕೇಳಿ.