ಸ್ಕೂಟರ್ ಸೀಟಿನ ಮೇಲಿನ ಇಬ್ಬನಿ

ಧನುರ್ಮಾಸದಲ್ಲಿ ಬೆಳಗಿನ ಜಾವ ಐದೂವರೆಗೆ ಅಮ್ಮನನ್ನು ದೇವಸ್ಥಾನಕ್ಕೆ ಬಿಡುವುದು ನನ್ನ ಕೆಲಸ. ಜಯನಗರದ ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಎರಡು ಸ್ಕೂಟರ್ ಅಕ್ಕಪಕ್ಕದಲ್ಲೇ ನಿಂತಿರುತ್ತವೆ. ನಮ್ಮದು ಬಯಲಿನಲ್ಲಿ, ಪಕ್ಕದ ಮನೆಯವರದು ಹೊಂಗೆ ಮರದ ಕೆಳಗೆ. ಆಕಾಶ ಶುಭ್ರವಾಗಿದ್ದ ರಾತ್ರಿ ಕಳೆದರೆ ನಮ್ಮ ಸೀಟು ಪೂರ್ತಿ ಒದ್ದೆ. ಬಟ್ಟೆಯಲ್ಲಿ ಒರೆಸಿ ಹಿಂಡಿದರೆ ನೀರು ತೊಟ್ಟಿಕ್ಕುತ್ತದೆ. ಅವರ ಸೀಟಿನ ಮೇಲೆ ಕೈಯಾಡಿಸಿದರೆ ಬೆರಳಿಗೆ ಒಣ ಧೂಳು ಹತ್ತುತ್ತದೆ. ನಡುವೆ ಇರುವುದು ಹತ್ತು ಹೆಜ್ಜೆ, ಅಷ್ಟೇ.

"ಇಬ್ಬನಿ ಬೀಳೋದನ್ನ ಮರ ತಡೆಯುತ್ತೆ ಕಣೋ" ಅಂತಾರೆ ಅಮ್ಮ. ನಾವೆಲ್ಲ ಹಾಗೇ ಹೇಳುತ್ತೇವೆ. ಅವರೆಕಾಯಿಗೆ ಸೊಗಡು ಬರಬೇಕಾದರೆ ಇಬ್ಬನಿ ಬೀಳಬೇಕು ಅಂತಲೂ ಹೇಳುತ್ತೇವೆ, ಅಲ್ವಾ? ಆದರೆ ಇಬ್ಬನಿ ಮೇಲಿಂದ ಬೀಳುವುದಿಲ್ಲ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈಯಲ್ಲಿ ಹನಿ ಕಟ್ಟುತ್ತದಲ್ಲ, ಇದೂ ಅದೇ. ಸೀಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಗಾಳಿಯಲ್ಲಿರುವ ನೀರಿನ ಆವಿ ಅದಕ್ಕೆ ತಗುಲಿ ಹನಿಯಾಗುತ್ತದೆ.

ಹಾಗಾದರೆ ಒಂದೇ ಬೀದಿ, ಒಂದೇ ಗಾಳಿ, ಒಂದು ಸೀಟು ಮಾತ್ರ ಯಾಕೆ ಅಷ್ಟು ತಣ್ಣಗಾಯಿತು?

ಪ್ರತಿಯೊಂದು ವಸ್ತುವೂ ತನ್ನ ಬಿಸಿಯನ್ನು ಕಣ್ಣಿಗೆ ಕಾಣದ ಬೆಳಕಾಗಿ ಹೊರಗೆ ಚೆಲ್ಲುತ್ತಲೇ ಇರುತ್ತದೆ. ಇದನ್ನು ಅವಕೆಂಪು ಕಿರಣ ಅನ್ನುತ್ತಾರೆ. ಒಲೆಯಿಂದ ಆಗಷ್ಟೇ ಇಳಿಸಿದ ಹೆಂಚಿನ ಪಕ್ಕ ಕೈ ಹಿಡಿದರೆ, ಮುಟ್ಟದೆಯೇ ಬಿಸಿ ತಾಗುವುದು ಬಹುಪಾಲು ಇದರಿಂದಲೇ. ರಾತ್ರಿ ಸೀಟು, ರಸ್ತೆ, ತಾರಸಿ ಎಲ್ಲವೂ ಹೀಗೆ ಬಿಸಿ ಕಳೆದುಕೊಳ್ಳುತ್ತವೆ. ಮರದ ಕೆಳಗಿನ ಸೀಟಿಗೆ ಎಲೆಗಳು ತಮ್ಮ ಬಿಸಿಯನ್ನು ವಾಪಸ್ ಕೊಡುತ್ತವೆ. ಕೊಟ್ಟಷ್ಟೇ ಹೆಚ್ಚುಕಡಿಮೆ ಬರುತ್ತದೆ. ಬಯಲಿನ ಸೀಟಿಗೆ ಮೇಲಿಂದ ಬರುವುದು ಕಡಿಮೆ, ಹೋಗುವುದು ಜಾಸ್ತಿ. ಹಾಗಾಗಿ ಬೆಳಗಾಗುವಷ್ಟರಲ್ಲಿ ತಣ್ಣಗಾಗಿ ನೀರು ಕಟ್ಟಿರುತ್ತದೆ. ಮೋಡ ಕವಿದ ರಾತ್ರಿಯಲ್ಲಿ ಎರಡೂ ಸೀಟು ಒಣಗಿರುತ್ತವೆ. ಆವತ್ತು ಮರದ ಕೆಲಸವನ್ನು ಇಡೀ ಊರಿಗೆ ಮೋಡವೇ ಮಾಡಿರುತ್ತದೆ.

ಇದನ್ನು ಮೊದಲು ಚೆನ್ನಾಗಿ ಬಿಡಿಸಿ ಹೇಳಿದ್ದು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್, 1814ರಲ್ಲಿ. ಅವರು ರಾತ್ರಿ ಹೊತ್ತು ಉಣ್ಣೆಯ ತುಣುಕುಗಳನ್ನು ಒಂದು ಹಲಗೆಯ ಮೇಲೆ, ಹಲಗೆಯ ಕೆಳಗೆ ಇಟ್ಟು, ಯಾವುದು ಎಷ್ಟು ನೀರು ಕುಡಿದಿದೆ ಅಂತ ತೂಗಿ ನೋಡಿದರು. ನಮ್ಮ ಎರಡು ಸ್ಕೂಟರ್‌ಗಳ ಪ್ರಯೋಗವೇ ಅದು.

ನನಗೆ ಇದು ಇಷ್ಟು ಮುಖ್ಯ ಅನ್ನಿಸುವುದಕ್ಕೆ ಕಾರಣವಿದೆ. ಭೂಮಿ ಬಿಸಿಯಾಗುತ್ತಿರುವುದರ ಗುಟ್ಟು ಪೂರ್ತಿ ಈ ಸೀಟಿನ ಮೇಲಿದೆ. ಬಯಲಿನ ಸೀಟಿಗೂ ಆಕಾಶ ಪೂರ್ತಿ ತೆರೆದಿರುವುದಿಲ್ಲ. ಶುಭ್ರವಾದ ಗಾಳಿಯಲ್ಲೂ ಕಣ್ಣಿಗೆ ಕಾಣದ ಒಂದು ಮರ ಹರಡಿಕೊಂಡಿದೆ. ಅದರ ಎಲೆಗಳೇ ಹಸಿರುಮನೆ ಅನಿಲಗಳು. ಅವು ಇಲ್ಲದೆ ಇದ್ದಿದ್ದರೆ ಭೂಮಿಯ ಸರಾಸರಿ ತಾಪ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು. ಅವು ಇರುವುದರಿಂದ ಸುಮಾರು 15 ಡಿಗ್ರಿ ಇದೆ. ಅಂದರೆ ಈ ಅನಿಲಗಳು ಶತ್ರುಗಳಲ್ಲ. ಇವಿಲ್ಲದೆ ಸಮುದ್ರಗಳೇ ಹೆಪ್ಪುಗಟ್ಟುತ್ತಿದ್ದವು.

ನಾವು ಉಸಿರಾಡುವ ಗಾಳಿಯಲ್ಲಿ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಇವೆರಡೂ ಈ ಕಿರಣಗಳನ್ನು ತಡೆಯುವುದೇ ಇಲ್ಲ. ಒಂದೇ ಥರದ ಎರಡು ಪರಮಾಣುಗಳು ಕೈ ಹಿಡಿದು ನಿಂತ ಅಣು ಅವು. ಎಷ್ಟೇ ಅಲುಗಿದರೂ ಅವಕೆಂಪು ಕಿರಣಕ್ಕೆ ಅಲ್ಲಿ ಹಿಡಿತ ಸಿಗುವುದಿಲ್ಲ. ನೀರಿನ ಆವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಇವುಗಳಲ್ಲಿ ಬೇರೆ ಬೇರೆ ಪರಮಾಣುಗಳಿವೆ. ಬಾಗಿ ಬಳುಕುತ್ತವೆ, ಕಿರಣವನ್ನು ಹೀರಿ ಎಲ್ಲ ದಿಕ್ಕಿಗೂ ಮತ್ತೆ ಬಿಡುತ್ತವೆ. ಅದರಲ್ಲಿ ಒಂದಷ್ಟು ಕೆಳಗೆ ಬರುತ್ತದೆ. ಕೈಗಾರಿಕೆಗಳು ಬರುವ ಮುಂಚೆ ಹತ್ತು ಲಕ್ಷ ಅಣುಗಳಲ್ಲಿ 280ರಷ್ಟು ಇಂಗಾಲದ ಡೈಆಕ್ಸೈಡ್ ಇತ್ತು. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯಲು ಶುರು ಮಾಡಿದಾಗ 315ರ ಸುಮಾರು. ಈಗ 420 ದಾಟಿದೆ. ಕಾಣದ ಆ ಮರಕ್ಕೆ ನಾವು ಎಲೆ ಸೇರಿಸುತ್ತಲೇ ಇದ್ದೇವೆ.

"ನೀರಿನ ಆವಿಯೇ ಎಲ್ಲಕ್ಕಿಂತ ದೊಡ್ಡ ಹಸಿರುಮನೆ ಅನಿಲ ಅಲ್ವಾ, ಬರೀ ಇಂಗಾಲದ ಮೇಲೆ ಯಾಕೆ ದೂರು?" ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಆವಿಯ ಪಾಲೇ ಹೆಚ್ಚು, ನಿಜ. ಆದರೆ ಅದು ಗಾಳಿಯಲ್ಲಿ ಉಳಿಯುವುದು ಒಂದು ವಾರ, ಹತ್ತು ದಿನ. ಆಮೇಲೆ ಮಳೆಯಾಗಿ ಇಳಿದುಬಿಡುತ್ತದೆ. ಎಷ್ಟು ಆವಿ ಇರಬೇಕು ಅನ್ನುವುದನ್ನು ಗಾಳಿಯ ಬಿಸಿ ತೀರ್ಮಾನಿಸುತ್ತದೆ. ಒಂದು ಡಿಗ್ರಿ ಬಿಸಿಯಾದರೆ ಗಾಳಿ ಸುಮಾರು ಶೇಕಡ 7ರಷ್ಟು ಜಾಸ್ತಿ ಆವಿ ಹಿಡಿದುಕೊಳ್ಳಬಲ್ಲದು. ಇಂಗಾಲ ಬಿಸಿ ಏರಿಸುತ್ತದೆ, ಆವಿ ಅದನ್ನು ಇನ್ನಷ್ಟು ಏರಿಸುತ್ತದೆ. ಜೊತೆಗೆ ಸುರಿಯುವಾಗ ಒಟ್ಟಿಗೆ ಸುರಿಯುವ ಸಂಭವ ಹೆಚ್ಚುತ್ತದೆ.

2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿಲಿಮೀಟರ್ ಮಳೆ ಹೊಯ್ಯಿತು. ಜೂನ್ ತಿಂಗಳ ಮಟ್ಟಿಗೆ ಅದುವರೆಗಿನ ದಾಖಲೆ 1891ರದು. ಇದು ವಾಯುಗುಣ ಬದಲಾವಣೆಯಿಂದಲೇ ಬಂದ ಮಳೆ ಅಂತ ನಾನು ಹೇಳುವುದಿಲ್ಲ. ಒಂದು ದಿನವನ್ನು ಹಿಡಿದು ಹಾಗೆ ಹೇಳಲು ಬರುವುದಿಲ್ಲ. ಇಲ್ಲಿ ನಮ್ಮ ಭಾಷೆಯೂ ಸ್ವಲ್ಪ ತೊಡಕು ಮಾಡುತ್ತದೆ. 'ಹವಾಮಾನ ವರದಿ' ಅನ್ನುತ್ತೇವೆ, 'ಹವಾಮಾನ ಬದಲಾವಣೆ' ಅಂತಲೂ ಬರೆಯುತ್ತೇವೆ. ಎರಡಕ್ಕೂ ಒಂದೇ ಮಾತು. ಶಾಲೆಯ ಪುಸ್ತಕದಲ್ಲಿ ಇದ್ದ 'ವಾಯುಗುಣ' ಅನ್ನುವ ಚೆಂದದ ಪದವನ್ನು ಸುಮ್ನೆ ಮರೆತೆವು. ಇವತ್ತು ಸಂಜೆ ಮಳೆ ಬರುತ್ತದಾ ಅನ್ನುವುದು ಹವಾಮಾನ. ಬೆಂಗಳೂರಿನಲ್ಲಿ ಏಪ್ರಿಲ್ ಅಂದರೆ ಹೇಗಿರುತ್ತದೆ ಅನ್ನುವುದು ವಾಯುಗುಣ. ಅದಕ್ಕೆ ಕನಿಷ್ಠ 30 ವರ್ಷಗಳ ಲೆಕ್ಕ ಬೇಕು.

ಮಾಗಡಿ ಕಡೆಯ ನಮ್ಮ ತಾತನಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಡಬೇಕಿರಲಿಲ್ಲ. ಅಶ್ವಿನಿ, ಭರಣಿ, ರೋಹಿಣಿ, ಆರಿದ್ರಾ ಅಂತ 27 ನಕ್ಷತ್ರಗಳಿಗೆ ವರ್ಷವನ್ನು ಹಂಚಿ, ಒಂದೊಂದಕ್ಕೂ 13–14 ದಿನ ಕೊಟ್ಟು, ಯಾವ ಮಳೆಗೆ ಏನು ಬಿತ್ತಬೇಕು ಅಂತ ನೆನಪಿಟ್ಟುಕೊಂಡಿದ್ದರು. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಅನ್ನುವುದು ವಾಯುಗುಣದ ಮಾತು. ಈ ವರ್ಷ ಭರಣಿ ಕೈಕೊಟ್ಟಿತು ಅನ್ನುವುದು ಹವಾಮಾನ. ತಲೆಮಾರುಗಳು ಕಟ್ಟಿದ ಆ ನಿರೀಕ್ಷೆಯೇ ಸಡಿಲವಾಗುತ್ತಿದೆ ಅನ್ನುವುದು ನನ್ನನ್ನು ಕಾಡುತ್ತದೆ.

ಬೆಂಗಳೂರಿನಲ್ಲಿ ಅತಿ ಕಡಿಮೆ ತಾಪ ದಾಖಲಾಗಿದ್ದು 1884ರ ಜನವರಿ 13ರಂದು, 7.8 ಡಿಗ್ರಿ. ಅತಿ ಹೆಚ್ಚು 2016ರ ಏಪ್ರಿಲ್‌ನಲ್ಲಿ, 39.2 ಡಿಗ್ರಿ. "ಮೊದಲು ಫ್ಯಾನೇ ಬೇಕಿರಲಿಲ್ಲ, ಮರ ಕಡಿದು ಹೀಗಾಯಿತು" ಅಂತ ಅಮ್ಮ ಬೇಜಾರು ಮಾಡಿಕೊಳ್ಳುತ್ತಾರೆ. ಅವರ ಮಾತು ನಿಜ, ಆದರೆ ಅರ್ಧ. ಕಾಂಕ್ರೀಟು, ಟಾರು ಹಗಲಿಡೀ ಬಿಸಿ ಕುಡಿದು ರಾತ್ರಿ ಬಿಡುತ್ತವೆ. ಮರವೂ ಇಲ್ಲ, ಕೆರೆಯೂ ಇಲ್ಲ ಅಂದರೆ ಊರು ಬೇಯುತ್ತದೆ. ಇದು ಊರಿನ ಬಿಸಿ, ಮರ ನೆಟ್ಟರೆ ಇಳಿಯುತ್ತದೆ. ಅದರ ಕೆಳಗೆ ಇನ್ನೊಂದು ಬಿಸಿ ಇದೆ. ಕಟ್ಟಡವೇ ಇಲ್ಲದ ನಡುಸಮುದ್ರದಲ್ಲೂ ಕಾಣುವ ಬಿಸಿ. 2024ರಲ್ಲಿ ಇಡೀ ಭೂಮಿಯ ಸರಾಸರಿ, 1850–1900ರ ಕಾಲಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಮೇಲಿತ್ತು. ಸೂರ್ಯನೇ ಜೋರಾಗಿದ್ದರೆ ಗಾಳಿಯ ಮೇಲಿನ ಪದರವೂ ಕಾಯಬೇಕಿತ್ತು. ಅದು ತಣ್ಣಗಾಗುತ್ತಿದೆ, ಕೆಳಗಿನದು ಕಾಯುತ್ತಿದೆ.

ಮೀಥೇನ್ ಬಗ್ಗೆ ಒಂದು ಮಾತು. ನಮ್ಮ ಮನೆಯ ಹಸಿಕಸ ಬೇರೆಯಾಗದೆ ಗುಡ್ಡೆಯ ಅಡಿಗೆ ಸೇರಿದರೆ, ಗಾಳಿಯಾಡದೆ ಕೊಳೆತು ಮೀಥೇನ್ ಆಗುತ್ತದೆ. ಅದು ಹತ್ತು ಹನ್ನೆರಡು ವರ್ಷ ಮಾತ್ರ ಉಳಿದರೂ, ತೂಕಕ್ಕೆ ತೂಕ ಹಿಡಿದರೆ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಮಾಡುತ್ತದೆ.

ಇನ್ನು ಸೀಟು ಒರೆಸಿ ಹೊರಟ ನಮ್ಮ ಸ್ಕೂಟರ್. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿ ತೂಗುತ್ತದೆ. ಉರಿದ ಮೇಲೆ ಅದರಿಂದ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2.3 ಕೆಜಿ. ಮುಕ್ಕಾಲು ಕೆಜಿ ಮೂರು ಪಟ್ಟು ಆದದ್ದು ಹೇಗೆ? ಪೆಟ್ರೋಲಿನ ಒಂದೊಂದು ಇಂಗಾಲದ ಪರಮಾಣುವೂ ಗಾಳಿಯಿಂದ ಎರಡೆರಡು ಆಮ್ಲಜನಕದ ಪರಮಾಣು ಎತ್ತಿಕೊಳ್ಳುತ್ತದೆ. ಆ 2.3 ಕೆಜಿಯಲ್ಲಿ ಅರ್ಧದಷ್ಟನ್ನು ಗಿಡಮರ, ಮಣ್ಣು, ಸಮುದ್ರ ಸೇರಿ ಎಳೆದುಕೊಳ್ಳುತ್ತವೆ. ಉಳಿದದ್ದು ಗಾಳಿಯಲ್ಲೇ ಇದ್ದು ಬಹಳ ನಿಧಾನವಾಗಿ ಕರಗುತ್ತದೆ. ಅದರಲ್ಲಿ ಒಂದು ಪಾಲು ಸಾವಿರ ವರ್ಷದ ಆಚೆಗೂ ಇರುತ್ತದೆ, ರಾತ್ರಿ ಹೊತ್ತು ಬಯಲಲ್ಲಿ ಇಟ್ಟ ವಸ್ತುಗಳಿಗೆ ಮೇಲಿಂದ ಬಿಸಿ ವಾಪಸ್ ಕೊಡುತ್ತಾ.